ಜಾವಳದ ದಿನ ಅತ್ತವರು ಯಾರು

ಪುಣೆಯ ಕೊಂಢವಾ ಬಡಾವಣೆಯ ಟೈಲ್ಸ್ ಅಂಗಡಿಯಲ್ಲಿ ಅಮರ ಗಿರಾಕಿಯೊಬ್ಬರಿಗೆ ಬಚ್ಚಲುಮನೆಗೆ ಹಾಕುವ ಟೈಲ್ಸ್ ತೋರಿಸುತ್ತಿದ್ದಾಗ ಅಂಗಿಯ ಕಿಸೆಯೊಳಗಿನ ಫೋನು ನಡುಗಿತು. ಅಂಗಡಿಯ ಮಾಲೀಕ ಶೇಠಜಿಯ ಕಣ್ಣು ತಪ್ಪಿಸಿ ಓರೆಯಾಗಿ ನೋಡಿದ. ಹುಬ್ಬಳ್ಳಿಯ ಮಾಸಪತ್ರಿಕೆಯಿಂದ ಮೇಲ್ ಬಂದಿತ್ತು. 'ನಿಮ್ಮ ಬರಹ ನಮ್ಮ ದೀಪಾವಳಿ ವಿಶೇಷಾಂಕಕ್ಕೆ ಆಯ್ಕೆಯಾಗಿದೆ ಎಂದು ತಿಳಿಸಲು...' ಅಲ್ಲಿಂದ ಮುಂದೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕುಳಿತಂತಾದವು.

"ಘಸರಣಾರ ನಾಹೀ ನಾ ಹೇ?" ಎಂದರು ಗಿರಾಕಿ. ಇದು ಜಾರುವುದಿಲ್ಲ ತಾನೇ ಎಂದು ಅವರ ಪ್ರಶ್ನೆ.

"ಆಯ್ಕೆ ಆಗ್ಯದ್ರಿ!" ಎಂದ ಅಮರ, ಅಪ್ಪಟ ಕನ್ನಡದಲ್ಲಿ.

ಗಿರಾಕಿ ಅವನ ಮುಖ ನೋಡಿದರು, ಟೈಲ್ಸ್ ನೋಡಿದರು. ಇಷ್ಟು ಹುರುಪಿನಿಂದ ಮಾರುವವನನ್ನು ಅವರು ಎಲ್ಲೂ ಕಂಡಿರಲಿಲ್ಲವೋ ಏನೋ, ಅದನ್ನೇ ಕೊಂಡು ಹೋದರು.

ಅಮರ ಹುಟ್ಟಿದ್ದು ಪುಣೆಯಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಹಗಲು ಅಂಗಡಿ, ಸಂಜೆ ಕಾಲೇಜು ಎಂದು ಏಗಿ ಬಿ.ಎ. ಮುಗಿಸಿದವನು. ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಲು ಕಲಿತದ್ದಂತೂ ಮೀಸೆ ಬಂದ ಮೇಲೆ, ಕನ್ನಡಿಗರ ಸಂಘದ ಸಂಜೆ ವರ್ಗದಲ್ಲಿ, ಪುಟ್ಟ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು. ಹೀಗಾಗಿ ಒಂದು ಸಾಲು ಬರೆದರೆ ಅದನ್ನು ಹತ್ತು ಸಲ ತಿರುಗಿ ನೋಡುವುದು ಅವನ ಅಭ್ಯಾಸ. ಇದು ಕನ್ನಡವೇ ಹೌದೋ, ಮರಾಠಿಗೆ ಕನ್ನಡದ ಅಂಗಿ ತೊಡಿಸಿದ್ದೋ ಎಂಬ ಅಳುಕು ಅವನನ್ನು ಬಿಟ್ಟದ್ದೇ ಇಲ್ಲ.

ಬರೆಯುವ ಚಟ ಹತ್ತಿದ್ದು ಮಗಳು ರೇಣು ಹುಟ್ಟಿದ ಮೇಲೆ. ಅವಳಿಗೆ ಮೊದಲ ಸಲ ಜ್ವರ ಬಂದದ್ದು, ಎಡಗಾಲಿನ ಬೂಟನ್ನೇ ಎರಡೂ ಕಾಲಿಗೆ ಬೇಕೆಂದು ಹಟ ಹಿಡಿದದ್ದು, ಎಲ್ಲದರ ಮೇಲೂ ಒಂದೊಂದು ಪ್ರಬಂಧ ಬರೆದ. ಬರೆದದ್ದನ್ನು ಪತ್ರಿಕೆಗಳಿಗೆ ಕಳಿಸಿದ. ಬಹಳಷ್ಟು ಕಡೆಯಿಂದ ಉತ್ತರವೇ ಬರುತ್ತಿರಲಿಲ್ಲ. 'ಪ್ರಕಟಿಸಲಾಗದ್ದಕ್ಕೆ ವಿಷಾದಿಸುತ್ತೇವೆ' ಎಂದು ಒಂದು ಕಡೆಯಿಂದ ಬಂದಾಗ, ಪಾಪ, ಓದಿಯಾದರೂ ಓದಿದರಲ್ಲ ಎಂದು ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಈಗ ಈ ಮೇಲ್. ಊಟದ ಹೊತ್ತಿಗೆ ಗೋದಾಮಿನ ಹಿಂದೆ ನಿಂತು ಪೂರ್ತಿ ಓದಿದ. 'ತಂದೆತಾಯಿಯರ ಪುಟ' ಎಂಬ ವಿಭಾಗದಲ್ಲಿ ಅವನ 'ಜಾವಳ' ಎಂಬ ಬರಹ ಬರಲಿದೆ. ಒಂದು ಫೋಟೊ, ಪರಿಚಯದ ನಾಲ್ಕು ಮಾತು, ಜೊತೆಗೆ 'ಈ ಬರಹ ನನ್ನದೇ, ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆಲ್ಲಿಗೂ ಕಳಿಸಿಲ್ಲ' ಎಂಬ ಒಪ್ಪಿಗೆ ಗುರುವಾರ ಮಧ್ಯಾಹ್ನದೊಳಗೆ ಬೇಕು. ಕೆಳಗೆ ಉಪಸಂಪಾದಕಿ ಉಮಾವತಿ ಎಂಬವರ ಹೆಸರು, ಫೋನ್ ನಂಬರು.

ಅಂದು ಸೋಮವಾರ. ಸಂಜೆ ಮನೆಯ ಮೆಟ್ಟಿಲನ್ನು ಅವನು ಹತ್ತಿದನೋ ಹಾರಿದನೋ ಅವನಿಗೇ ಗೊತ್ತಿಲ್ಲ.

ಹೆಂಡತಿ ತ್ರಿವೇಣಿ ಬಾಗಿಲು ತೆಗೆದವಳು ಅವನ ಮುಖ ನೋಡಿ ಗಾಬರಿಯಾದಳು. "ಏನಾತ್ರಿ? ಶೇಠ ಏನರ ಅಂದನೇನು?"

"ಆಯ್ಕೆ ಆತು! ಹುಬ್ಬಳ್ಳಿಯವ್ರು! ದೀಪಾವಳಿ ಅಂಕದಾಗ!"

"ಯಾವ್ದು? ನಮ್ಮ ಅಪ್ಪ ತರಸ್ತಾನಲ್ಲ, ಆ ಪುಸ್ತಕದಾಗೇನು?"

"ಅದರಾಗ."

ತ್ರಿವೇಣಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದುಕೊಂಡು ಒಂದು ಸುತ್ತು ತಿರುಗಿದಳು. ನಾಲ್ಕು ವರ್ಷದ ರೇಣು, ಏನೆಂದು ಗೊತ್ತಿಲ್ಲದಿದ್ದರೂ, ಅವ್ವನ ಹಿಂದೆ ತಾನೂ ತಿರುಗಿದಳು. ಅಮರ ಬೂಟು ಬಿಚ್ಚುವುದರೊಳಗೆ ಅವಳ ತವರೂರು ಇಂಡಿಗೆ ಫೋನು ಹೋಗಿತ್ತು.

"ಅಪ್ಪಾ, ನಿಮ್ಮ ಅಳಿಯಂದು ಬರ್ಲಿಕ್ಕತ್ತದ! ಹೌದು, ಅದರಾಗs! ಏನ್ ಬರದಾರ? ರೇಣುನ ಜಾವಳದ್ದು ಬರದಾರ. ನೀವೂ ಇರ್ತೀರಿ ತಗೋರಿ ಅದರಾಗ!"

ಜಾವಳ ಎಂಬ ಮಾತು ಕೇಳಿದೊಡನೆ ಅಮರ ಬಿಚ್ಚುತ್ತಿದ್ದ ಬೂಟಿನ ಲೇಸನ್ನು ಮತ್ತೆ ಕಟ್ಟತೊಡಗಿದ. ಅತ್ತ ಕಡೆ ಮಾವ ಮಹದೇವಪ್ಪನವರು ಫೋನನ್ನು ಮಗ ಬಸವಲಿಂಗನ ಕೈಗೆ ಕೊಟ್ಟಿದ್ದರು. ಬಸವಲಿಂಗನ ದನಿ ಅಡಿಗೆಮನೆಯ ಗೋಡೆಗೆ ಬಡಿಯುವಷ್ಟು ದೊಡ್ಡದು.

"ಏನ್ ಬೀಗ್ರ, ಜಾವಳದ್ದು ಬರದೀರಂತ? ಜಾವಳ ನೀವು ನೋಡೀರೇನು? ಚಾದಂಗಡಿ ಮ್ಯಾಲ ಬರದಿದ್ರ ಖರೇ ಇರ್ತಿತ್ತು!"

ತ್ರಿವೇಣಿ ಕಿಲಕಿಲ ನಕ್ಕಳು. ಅಮರನೂ ನಕ್ಕ, ನಗಬೇಕಲ್ಲ ಎಂದು.

ಈ ಚಹದ ಕಥೆ ಹೀಗೆ. ರೇಣುಗೆ ವರ್ಷ ತುಂಬುವ ಮೊದಲು ಪುಣೆ ಹತ್ತಿರದ ಪುಣ್ಯಕ್ಷೇತ್ರ ಜೇಜುರಿಯಲ್ಲಿ ಅವಳ ಜಾವಳ, ಅಂದರೆ ಹುಟ್ಟುಗೂದಲು ತೆಗೆಸುವ ಕಾರ್ಯ, ನಡೆದಿತ್ತು. ಜಾವಳದಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಸೋದರಮಾವ. ಕೂದಲನ್ನು ಸೆರಗಿನಲ್ಲಿ ಹಿಡಿಯುವುದು ಹೆಣ್ಣುಮಕ್ಕಳು. ಅಜ್ಜನಿಗೆ ಕಾಯಿ ಒಡೆಯುವ ಕೆಲಸ. ತಂದೆಯಾದವನಿಗೆ ಅಲ್ಲಿ ನಿಲ್ಲುವುದೊಂದು ಬಿಟ್ಟು ಬೇರೆ ಕೆಲಸವಿಲ್ಲ. ಅಮರ ಅದನ್ನೂ ಮಾಡಿರಲಿಲ್ಲ. ಕ್ಷೌರದ ಕತ್ತಿ ಕೂಸಿನ ತಲೆ ಮುಟ್ಟಿದೊಡನೆ ಅಲ್ಲಿಂದ ಮಾಯವಾಗಿ, ಎಲ್ಲ ಮುಗಿದ ಮೇಲೆ ಬಂದಿದ್ದ. ಎಲ್ಲಿ ಹೋಗಿದ್ದಿ ಎಂದು ಕೇಳಿದ್ದಕ್ಕೆ "ಚಾ ಕುಡೀಲಿಕ್ಕೆ" ಎಂದುಬಿಟ್ಟಿದ್ದ. ಅಂದಿನಿಂದ ಇಂಡಿಯ ಮನೆಯಲ್ಲಿ ಅವನ ಹೆಸರು 'ಚಾ ಅಳಿಯ'. ಮದುವೆ ಇರಲಿ, ಸೀಮಂತ ಇರಲಿ, ಬಸವಲಿಂಗ ಹತ್ತು ಜನರ ನಡುವೆ ಕೂಗುತ್ತಿದ್ದ: "ಬೀಗ್ರ, ಅಕ್ಷತಾ ಬೀಳೂ ಹೊತ್ತಾತು, ಚಾ ಆಗ್ಯದಲ್ಲ?"

ಅಸಲಿಗೆ ಅಮರ ಚಹ ಕುಡಿದೇ ಇರಲಿಲ್ಲ. ಅತ್ತಿದ್ದ.

ಅದನ್ನು ಹೇಳುವುದು ಹೇಗೆ? ಹೆಂಡತಿಯ ತವರಿನ ಗಂಡಸರೆಲ್ಲ ಗುಂಪುಕಟ್ಟಿ ನಿಂತಿದ್ದಾಗ, ಕೂಸಿನ ತಲೆ ಬೋಳಿಸಿದ್ದಕ್ಕೆ ಅಪ್ಪ ಕಾಯಿ ಅಂಗಡಿಯ ಮರೆಯಲ್ಲಿ ಅತ್ತ ಎಂದರೆ ಚಹಕ್ಕಿಂತ ಹತ್ತು ಪಟ್ಟು ನಗೆಪಾಟಲು. ಹೀಗಾಗಿ ಕನ್ನಡದಲ್ಲಿ ಪ್ರಬಂಧ ಬರೆಯುವಾಗ ಅಮರನಿಗೆ ಒಂದು ಉಪಾಯ ಹೊಳೆದಿತ್ತು. ಮಾವ ತರಿಸುವ ಪತ್ರಿಕೆ, ಅಲ್ಲಿ ಬಂದರೆ ಇಂಡಿಯೇ ಓದುತ್ತದೆ. ಹಾಗಾಗಿ, ಅಂದಿನ ಗದ್ದಲದಲ್ಲಿ ಯಾರು ಅತ್ತರೆಂದು ಈಗ ಯಾರಿಗೆ ನೆನಪಿರುತ್ತದೆ ಎಂದುಕೊಂಡು, ಅತ್ತವಳು ತ್ರಿವೇಣಿ ಎಂದು ಬರೆದ. ಮಗಳ ಕೂದಲು ಉದುರುವುದನ್ನು ನೋಡಲಾರದೆ ತಾಯಿ ಬಿಕ್ಕಿದಳು, ಅವಳಿಗೆ ನೀರು ತರಲೆಂದು ನಾನು ಓಡಿದೆ, ಆ ಗದ್ದಲದಲ್ಲಿ ಬರುವುದು ತಡವಾಯಿತು. ಓದಿ ನೋಡಿದರೆ ಚೆನ್ನಾಗಿಯೇ ಇತ್ತು. ಚಹದ ಕಳಂಕವೂ ತೊಳೆದುಹೋಗುತ್ತಿತ್ತು. ಹೇಗೂ ಅಚ್ಚಾಗುವುದಿಲ್ಲ ಎಂಬ ಧೈರ್ಯದಲ್ಲಿ ಕಳಿಸಿಬಿಟ್ಟ.

"ಓದ್ರಿ, ಕೇಳೋಣು," ಎಂದಳು ತ್ರಿವೇಣಿ, ಫೋನು ಇಟ್ಟವಳೇ.

"ಅಚ್ಚಾದ ಮ್ಯಾಲ ಓದೀಯಂತ. ಈಗs ಓದಿದ್ರ ಏನ್ ಮಜಾ?"

"ನಾಚಿಕಿ ನೋಡ್ರಿ ಇವರಿಗೆ!" ಎಂದು ಅವಳು ಅವನ ಬೆನ್ನಿಗೊಂದು ಗುದ್ದಿ, ಸಿಹಿಗೆಂದು ಸಜ್ಜಕ ಮಾಡಲು ಒಳಗೆ ಹೋದಳು.

ಮರುದಿನ ಅಂಗಡಿಗೆ ಹೋದ ಸ್ವಲ್ಪ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು. ಆ ಕಡೆ ಹಿರಿಯರೊಬ್ಬರ ಮರಾಠಿ ದನಿ. "ಅಹೋ ಅಮರ, ಅಭಿನಂದನ! ಮೀ ಪಂಢರಿನಾಥ."

ಪುಣೆಯಲ್ಲಿ ದೀಪಾವಳಿ ಬಂತೆಂದರೆ ಚಕ್ಕುಲಿ, ಕರ್ಚಿಕಾಯಿಗಳ ಹಾಗೆ ಮರಾಠಿ ದೀಪಾವಳಿ ವಿಶೇಷಾಂಕಗಳೂ ಮನೆಮನೆಗೆ ಬೇಕು. ದೊಡ್ಡ ಪತ್ರಿಕೆಗಳ ದಪ್ಪ ಅಂಕಗಳು ಒಂದು ಕಡೆಯಾದರೆ, ಓಣಿಗೊಬ್ಬರು ಹಟಕ್ಕೆ ಬಿದ್ದು ತರುವ ಸಣ್ಣ ಅಂಕಗಳು ಇನ್ನೊಂದು ಕಡೆ. ನಾರಾಯಣ ಪೇಠೆಯಲ್ಲಿ ಮುದ್ರಣಾಲಯ ಇಟ್ಟುಕೊಂಡಿದ್ದ ಪಂಢರಿನಾಥ ಕಾಕಾ ಅಂಥದೊಂದನ್ನು ಪ್ರತಿ ವರ್ಷ ತರುತ್ತಿದ್ದರು. ಹುಬ್ಬಳ್ಳಿಯಿಂದ ತಿಂಗಳುಗಟ್ಟಲೆ ಸದ್ದಿಲ್ಲದ್ದನ್ನು ಕಂಡು, ಅಮರ ಅದೇ ಜಾವಳದ ಪ್ರಬಂಧವನ್ನು ಮರಾಠಿಯಲ್ಲೂ ಬರೆದು ಅವರಿಗೆ ಕೊಟ್ಟು ಬಂದಿದ್ದ. ಅನುವಾದ ಎಂದು ಶುರು ಮಾಡಿದ್ದೇನೋ ಹೌದು. ಆದರೆ ಮರಾಠಿಯಲ್ಲಿ ಬರೆಯುವಾಗ ಎದುರಿಗೆ ಇಂಡಿಯವರಾರೂ ಇರಲಿಲ್ಲ. ಬಸವಲಿಂಗ ಇರಲಿಲ್ಲ. ತ್ರಿವೇಣಿ ಅಳುವ ಜಾಗ ಬಂದಾಗ ಪೆನ್ನು ನಿಂತಿತು. ನಿಂತ ಪೆನ್ನು ಮತ್ತೆ ಎದ್ದಾಗ ನಡೆದದ್ದನ್ನು ನಡೆದ ಹಾಗೇ ಬರೆಯಿತು.

"ಆ ತೆಂಗಿನಕಾಯಿ ಮಾರುವ ಹೆಂಗಸಿನ ಪ್ರಸಂಗ ಓದಿ ನಾನು ಪ್ರೆಸ್ಸಿನ ಹುಡುಗರನ್ನೆಲ್ಲ ಕರೆದು ಮತ್ತೆ ಗಟ್ಟಿಯಾಗಿ ಓದಿದೆ," ಎಂದರು ಕಾಕಾ ಮರಾಠಿಯಲ್ಲಿ. "ಪುಟ ಕಟ್ಟಿ ಆಯಿತು. ಇಂಥ ಅಪ್ಪಂದಿರು ಬರೆಯುವುದೇ ಇಲ್ಲವಲ್ಲ!"

ಎರಡು ದಿನದಲ್ಲಿ ಎರಡು ಕಡೆ! ಅಮರನಿಗೆ ಟೈಲ್ಸಿನ ಪೆಟ್ಟಿಗೆಗಳ ಮೇಲೆ ಹತ್ತಿ ನಿಂತು ಕೂಗಬೇಕೆನ್ನಿಸಿತು. ಆ ಖುಷಿ ಕೆಳಗಿಳಿಯುವ ಮೊದಲೇ ಇನ್ನೊಂದು ಯೋಚನೆ ಮೇಲೆ ಬಂತು. 'ಬೇರೆಲ್ಲಿಗೂ ಕಳಿಸಿಲ್ಲ' ಎಂದು ಹುಬ್ಬಳ್ಳಿಗೆ ಬರೆದುಕೊಡಬೇಕು. ಕಳಿಸಿದ್ದಾಗಿದೆಯಲ್ಲ! ಭಾಷೆ ಬೇರೆ ಎಂದರೆ ಬರಹ ಬೇರೆಯೇ? ಬೇರೆ ಎನ್ನೋಣವೆಂದರೆ, ಏನು ಬೇರೆ ಎಂದು ಅವರು ಕೇಳಿದರೆ? ಒಂದರಲ್ಲಿ ಹೆಂಡತಿ ಅತ್ತಿದ್ದಾಳೆ, ಇನ್ನೊಂದರಲ್ಲಿ ಗಂಡ ಅತ್ತಿದ್ದಾನೆ ಎಂದು ಹೇಳುವುದೇ?

ಆ ದಿನ ಅವನು ಮಾಡಿದ ಬಿಲ್ಲುಗಳನ್ನೆಲ್ಲ ಶೇಠಜಿ ಎರಡೆರಡು ಸಲ ತಿದ್ದಬೇಕಾಯಿತು.

ಸಂಜೆ ಅವನು ಸೀದಾ ಅಡಿಗೆಮನೆಗೆ ಹೋಗಿ ತ್ರಿವೇಣಿಯ ಎದುರು ಕುಳಿತ. ಅವಳು ರೊಟ್ಟಿ ಬಡಿಯುತ್ತಿದ್ದಳು. ಪುಣೆಯ ಸಂಗತಿಯನ್ನೂ ಹೇಳಿದ, ಹುಬ್ಬಳ್ಳಿಯ ಷರತ್ತನ್ನೂ ಹೇಳಿದ.

"ಎರಡು ಕಡೆ ಬಂತಂದ್ರ ಛಲೋನ ಅಲ್ರಿ? ಅದಕ್ಯಾಕ ಮುಖ ಹಿಂಗ ಮಾಡೀರಿ?"

"ಎರಡೂ ಒಂದs ಅಲ್ಲ ತ್ರಿವೇಣಿ. ಸ್ವಲ್ಪ ಫರಕ ಅದ."

"ಏನ್ ಫರಕ? ಓದ್ರಿ. ಎರಡೂ ಓದ್ರಿ. ಏಳ ವರ್ಷ ಇಲ್ಲಿ ಪ್ಯಾಟ್ಯಾಗ ಕಾಯಿಪಲ್ಲೆ ತಂದೀನಿ, ನಂಗೂ ಮರಾಠಿ ತಿಳೀತದ."

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೊದಲು ಕನ್ನಡದ್ದನ್ನು ತೆಗೆದ. ಜೇಜುರಿಯ ಮೆಟ್ಟಿಲು, ಗಾಳಿಯಲ್ಲೆಲ್ಲ ಹಾರುವ ಭಂಡಾರದ ಅರಿಸಿನ, ಬಸವಲಿಂಗನ ತೊಡೆಯ ಮೇಲೆ ಹಳದಿ ಗೊಂಬೆಯ ಹಾಗೆ ಕೂತ ರೇಣು. ತ್ರಿವೇಣಿ ರೊಟ್ಟಿ ತಿರುವುತ್ತ ತಲೆದೂಗುತ್ತಿದ್ದಳು. ಅಮರ ದನಿ ತಗ್ಗಿಸಿ, ಬೇಗಬೇಗ ಓದಿದ: "'ಮೊದಲ ಎಳೆ ಕೂದಲು ಕೆಳಗೆ ಬಿದ್ದೊಡನೆ ನನ್ನಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ...'"

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಯಾರು?"

"ಅಂದ್ರ... ಬರಿಯೂವಾಗ..."

"ನಾ ಅತ್ನೆ? ನಾ? ಆ ಹಜಾಮಗ ಕತ್ತಿ ಮಸದೀಯೋ ಇಲ್ಲೋ ಅಂತ ಜಗಳಾ ಆಡಿದಾಕಿ ಯಾರು? ಕೂಸಿನ ಗದ್ದಾ ಹಿಡ್ಕೊಂಡು ಹಾಡು ಹೇಳಿದಾಕಿ ಯಾರು? ನೀವು ಚಾ ಕುಡ್ಕೊಂತ ನಿಂತಾಗ ನಾ ಎಲ್ಲಾ ಮಾಡಿ, ಈಗ ಅಳಬುರಕಿ ಅಂತ ಹೆಸರು ನಂಗ?" ಹಿಟ್ಟಿನ ಕೈಯನ್ನು ಅವನ ಮೂಗಿನ ತನಕ ತಂದಳು. "ನಮ್ಮ ಅವ್ವ ಓದಿದ್ರ ಏನಂತಾಳ? ಅಲ್ಲೇ ಇದ್ಲಲ್ಲ ಆಕಿ!"

"ಚಾ ಕುಡ್ದಿಲ್ಲ ನಾ."

"ಮತ್ತ?"

ಅಮರ ಬಾಯಲ್ಲಿ ಹೇಳಲಾರದೆ ಮರಾಠಿಯ ಹಾಳೆ ತೆಗೆದ. ಈ ಸಲ ನಿಧಾನವಾಗಿ ಓದಿದ. ರೇಣು ಹುಟ್ಟಿದ್ದು ಇಂಡಿಯ ತವರಿನಲ್ಲಿ. ಚೊಚ್ಚಲ ಬಾಣಂತನ, ಗಂಡನಿಗೆ ಸುದ್ದಿ ಮುಟ್ಟಿ ಅವನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಕೂಸಿಗೆ ಮೂರು ದಿನ. ಕೌದಿಯಲ್ಲಿ ಸುತ್ತಿ ಮಲಗಿಸಿದ್ದ ಕೂಸಿನ ಮುಖ ಆ ಕಡೆಗಿತ್ತು, ಇವನಿಗೆ ಕಂಡದ್ದು ಕೂದಲು ಮಾತ್ರ. ಎಬ್ಬಿಸಬೇಡಿ ಎಂದಿದ್ದರು. ಹೀಗಾಗಿ ಅವನು ಮಗಳನ್ನು ಮೊದಲು ಮುಟ್ಟಿದ್ದೆಂದರೆ ಆ ಕೂದಲನ್ನು, ಒಂದು ಬೆರಳಿನಿಂದ. ಜೇಜುರಿಯಲ್ಲಿ ಅದೇ ಕೂದಲು ಉದುರಿ ಸೆರಗಿಗೆ ಬೀಳತೊಡಗಿದಾಗ ಅವನ ಕಾಲು ತಾನಾಗಿಯೇ ಗುಂಪಿನ ಹೊರಗೆ ನಡೆಯಿತು. ತೆಂಗಿನಕಾಯಿ ಅಂಗಡಿಯ ಹಿಂದೆ ನಿಂತು ಅಳುತ್ತಿದ್ದವನನ್ನು ಕಂಡು ಅಂಗಡಿಯ ಹೆಂಗಸು ಎದೆಯ ಮೇಲೆ ಕೈ ಇಟ್ಟುಕೊಂಡಳು. 'ಯಾರು ಹೋದರಪ್ಪಾ?' ಎಂದು ಕೇಳಿದಳು. 'ಮಗಳ ಕೂದಲು' ಎಂದ ಇವನು. ಆಕೆ ಒಂದು ಗಳಿಗೆ ನೋಡಿ, ನೀರಿನ ತಂಬಿಗೆಯನ್ನು ಅವನ ಕೈಗಿಟ್ಟು, 'ಬರುತ್ತದೆ ಬಿಡು, ದಟ್ಟಗೆ ಬರುತ್ತದೆ' ಎಂದು ಗಿರಾಕಿಯ ಕಡೆ ತಿರುಗಿದಳು.

ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ತ್ರಿವೇಣಿಗೆ ಅದರ ಪರಿವೆಯೇ ಇರಲಿಲ್ಲ. ಮೊದಲು ಅವಳ ತುಟಿ ಅಲುಗಿತು, ಆಮೇಲೆ ಭುಜ. ಅಳುತ್ತಾಳೇನೋ ಎಂದು ಅಮರ ಹೆದರಿದ. ಅವಳು ನಗುತ್ತಿದ್ದಳು.

"'ಯಾರು ಹೋದ್ರಪ್ಪಾ' ಅಂದ್ಲಾ ಆಕಿ? ಅಯ್ಯ ನನ ದೇವ್ರs!" ಕಣ್ಣೊರೆಸಿಕೊಂಡಳು. "ಮೂರು ವರ್ಷಾತು, ಎಲ್ಲಾರೂ ಕೂಡಿ ನಿಮಗ ಚಾ ಚಾ ಅಂತ ಕಾಡೇವಿ. ಒಂದ್ ಮಾತು ಹೇಳಬಾರದೇನ್ರಿ? ನಾ ಸೈತ ಸಿಟ್ಟು ಇಟ್ಕೊಂಡಿದ್ದೆ, ಎಂಥಾ ಗಂಡಸಪ್ಪಾ, ಮಗಳ ಜಾವಳಕ್ಕಿಂತ ಇವನಿಗೆ ಚಾ ದೊಡ್ಡದಾತಲ್ಲ ಅಂತ."

"ಬಸವಲಿಂಗ ನಕ್ಕಾನು ಅಂತ..."

"ಅಂವ ನಗಲಿಕ್ಕಂತನs ಹುಟ್ಟ್ಯಾನ. ಇದನ್ನs ಕೊಡ್ರಿ ಹುಬ್ಬಳ್ಳಿಯವ್ರಿಗೂ."

ಬುಧವಾರ ಬೆಳಿಗ್ಗೆ ಅಂಗಡಿಗೆ ಅರ್ಧ ದಿನ ರಜೆ ಹೇಳಿ, ಅಮರ ಉಮಾವತಿಯವರಿಗೆ ಫೋನು ಮಾಡಿದ. ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. ಅವರು "ಹಲೋ" ಎಂದ ಕೂಡಲೇ ಚೀಟಿಯಲ್ಲಿನ ಮೊದಲ ಸಾಲೇ ಮರೆತುಹೋಯಿತು.

"ಓ, ಜಾವಳದ ಅಮರ ಅವರಾ! ಹೇಳಿ ಹೇಳಿ. ಫೋಟೊ ಇನ್ನೂ ಬಂದಿಲ್ಲ."

ಮರಾಠಿಯ ಸಂಗತಿಯನ್ನು ಮೊದಲು ಹೇಳಿದ. ಅವರು ಅದನ್ನು ಹಗುರಾಗಿ ತೆಗೆದುಕೊಂಡರು. ಕನ್ನಡದಲ್ಲಿ ಬೇರೆಲ್ಲೂ ಬಂದಿರದಿದ್ದರೆ ಆಯಿತು, ಮರಾಠಿಯಲ್ಲೂ ಬರುತ್ತಿದೆ ಎಂದು ಕೆಳಗೊಂದು ಸಾಲು ಹಾಕಿದರೆ ಮುಗಿಯಿತು ಎಂದರು. ಅಮರನ ಎದೆ ಅರ್ಧ ಹಗುರಾಯಿತು.

"ಇನ್ನೊಂದು ಮಾತು ಅದ್ರಿ ಮೇಡಂ. ನಮ್ಮನಿಯಾಕಿ ಅಳ್ತಾಳಲ್ರಿ ಅದರಾಗ... ಅದು ಖರೇ ಅಲ್ರಿ."

"ಅಂದರೆ?"

"ಅತ್ತಾಂವ ನಾನ್ರಿ."

ಆ ಕಡೆ ಹಾಳೆ ತಿರುವಿದ ಸದ್ದು ಕೇಳಿತು. ಆಮೇಲೆ ಉಮಾವತಿಯವರು ನಿಧಾನವಾಗಿ ಹೇಳಿದರು. "ನೋಡಿ ಅಮರ ಅವರೇ, ನಾನು ನೇರವಾಗಿಯೇ ಹೇಳುತ್ತೇನೆ. ನಮ್ಮ ಸಂಪಾದಕರಿಗೆ ಹಿಡಿಸಿದ್ದೇ ಆ ಪ್ಯಾರಾ. ತಾಯಿ ಅಳುವುದು, ನೀವು ನೀರಿಗೆ ಓಡುವುದು. ಅದನ್ನು ತೆಗೆದು ಬೇರೆ ಬರೆದರೆ ಅವರು ಮತ್ತೆ ಹೊಸದಾಗಿ ಓದಬೇಕು. ಒಪ್ಪುತ್ತಾರೆ ಎಂದು ನಾನು ಮಾತು ಕೊಡಲಾರೆ. ಆ ಪುಟಕ್ಕೆ ಇನ್ನೊಂದು ಬರಹ ಸಿದ್ಧವಾಗಿಯೇ ಇದೆ. ಈಗಿರುವ ಹಾಗೇ ಬಿಟ್ಟರೆ ಖಂಡಿತ ಬರುತ್ತದೆ. ಯೋಚನೆ ಮಾಡಿ. ನಾಳೆ ಮಧ್ಯಾಹ್ನದವರೆಗೆ ಸಮಯ ಇದೆಯಲ್ಲ."

ಫೋನು ಇಟ್ಟು ಅಮರ ಹೆಂಡತಿಯ ಕಡೆ ನೋಡಿದ. ಫೋನು ಸ್ಪೀಕರಿನಲ್ಲಿದ್ದದ್ದರಿಂದ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ರೇಣುವಿನ ಜಡೆ ಹಾಕುತ್ತಿದ್ದ ಕೈ ಅಲ್ಲೇ ನಿಂತಿತ್ತು.

"ಹಂಗಾರ ಇರ್ಲಿ ಬಿಡ್ರಿ," ಎಂದಳು ತ್ರಿವೇಣಿ.

"ಏನು?"

"ನಾ ಅತ್ತಂಗs ಇರ್ಲಿ. ಏನಾತೀಗ? ಎಷ್ಟು ದಿನಾತು ನೀವು ಬರದು ಬರದು ಕಳಸ್ಲಿಕ್ಕತ್ತು. ದಿನಾ ಫೋನ್ ತಗದು ನೋಡೂದು, ಮುಖಾ ಸಣ್ಣ ಮಾಡ್ಕೊಳ್ಳೂದು, ನಾ ನೋಡೀನಿಲ್ಲ? ಒಮ್ಮೆ ಹೆಸರು ಬರ್ಲಿ. ಅವ್ವಗ ನಾ ಹೇಳ್ತೀನಿ, ಹೌದವ್ವ, ನೀ ಆ ಕಡೆ ತಿರುಗಿದಾಗ ಒಂದೀಟು ಅತ್ತಿದ್ದೆ ಅಂತ."

ನಿನ್ನೆ ಸಂಜೆ ಹಿಟ್ಟಿನ ಕೈ ಎತ್ತಿದವಳು ಇವಳೇ.  ಒಪ್ಪಿಬಿಡೋಣ ಎಂದು ಅಮರನ ಮನಸ್ಸು ಒಮ್ಮೆ ಆ ಕಡೆಗೆ ಪೂರ್ತಿ ವಾಲಿತು. ಅವಳೇ ಹೇಳುತ್ತಿದ್ದಾಳೆ. ಪತ್ರಿಕೆಯವರೂ ಅದನ್ನೇ ಬೇಡುತ್ತಿದ್ದಾರೆ. ಬಸವಲಿಂಗನ ಬಾಯಿಯೂ ಮುಚ್ಚುತ್ತದೆ. ಯಾರಿಗೂ ನಷ್ಟವಿಲ್ಲ.

"ಪಪ್ಪಾ, ತೂ ರಡಲಾಸ?" ಎಂದಳು ರೇಣು, ಅವ್ವನ ತೊಡೆಯಿಂದ ತಲೆ ಎತ್ತಿ. ನೀನು ಅತ್ತಿಯಾ ಎಂದು. ಅಂಗನವಾಡಿಗೆ ಹೋಗತೊಡಗಿದಾಗಿನಿಂದ ಅವಳ ಮಾತು ಅರ್ಧ ಮರಾಠಿ.

"ಹೌದವ್ವ. ಅತ್ತೀನಿ."

"ಕಾ? ಯಾಕ? ಬಿದ್ದಿದ್ಯಾ?"

"ಇಲ್ಲ. ನಿನ್ನ ಕೂದಲಾ ತಗದ್ರಂತ."

ರೇಣು ತನ್ನ ಅರ್ಧ ಹೆಣೆದ ಜಡೆಯನ್ನು ಮುಂದೆ ಎಳೆದುಕೊಂಡು ಪರೀಕ್ಷಿಸಿ ನೋಡಿದಳು. "ಬಂತಲ್ಲ ಮತ್ತ," ಎಂದು ತೀರ್ಪು ಕೊಟ್ಟು ಗೊಂಬೆ ಹುಡುಕಲು ಎದ್ದು ಹೋದಳು.

ಅಮರ ನಕ್ಕ. ನಗುತ್ತಲೇ ಹೇಳಿದ. "ಬ್ಯಾಡ ತ್ರಿವೇಣಿ. ಇಕಿ ದೊಡ್ಡಾಕಿ ಆಗಿ ಇದನ್ನ ಓದ್ತಾಳ. ಅವ್ವ ಅತ್ಲು, ಅಪ್ಪ ನೀರಿಗೆ ಹ್ವಾದ ಅಂತ ತಿಳ್ಕೊಂತಾಳ. ನಾ ಬರಿಯೂದು ಇಕಿಗಂತ ಅಲ್ಲೇನು? ಬರ್ಲಿಲ್ಲಂದ್ರ ಬ್ಯಾಡ."

"ಅಪ್ಪಗ ಬರ್ತದಂತ ಹೇಳಿಟ್ಟೀನ್ರಿ..."

"ಬರ್ಲಿಲ್ಲಂದ್ರ ನಾನs ಹೇಳ್ತೀನಿ ಮಾವಾರಿಗೆ."

ತ್ರಿವೇಣಿ ಅವನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಅವನ ಪಕ್ಕದಲ್ಲಿ ಬಂದು ಕೂತಳು. "ಹಂಗಾರ ಬರೀರಿ. ನಾ ಹೇಳ್ತೀನಿ, ಅಲ್ಲಿ ನೀವು ಇರ್ಲಿಲ್ಲಲ್ಲ, ನಿಮಗೇನ್ ಗೊತ್ತು ಏನೇನಾತು ಅಂತ!"

ಮರಾಠಿಯಲ್ಲಿ ಸಲೀಸಾಗಿ ಬಂದದ್ದು ಕನ್ನಡದಲ್ಲಿ ಸುಲಭಕ್ಕೆ ಬರಲಿಲ್ಲ. 'ನಾನು ಅತ್ತೆ' ಎಂದು ಬರೆಯುವುದೇ ತಡ, ಮಾವ, ಬಸವಲಿಂಗ, ಇಂಡಿಯ ಓಣಿಯ ಜನವೆಲ್ಲ ಕಾಗದದ ಅಂಚಿಗೆ ಬಂದು ಕೂತು ನೋಡುತ್ತಿರುವಂತೆ ಅವನಿಗೆ ಅನ್ನಿಸುತ್ತಿತ್ತು. 'ಕಣ್ಣು ತೇವವಾಯಿತು' ಎಂದು ತಿದ್ದಿದ. ತ್ರಿವೇಣಿ ಇಣುಕಿ, "ತೇವ ಆಗ್ಲಿಕ್ಕೆ ಅದೇನು ಗ್ವಾಡಿಯೇನ್ರಿ?" ಎಂದಳು. ಅದನ್ನು ಹೊಡೆದುಹಾಕಿ ಮೊದಲಿನದನ್ನೇ ಬರೆದ. ಅವನಿಲ್ಲದ ಹೊತ್ತಿನಲ್ಲಿ ಏನಾಯಿತೆಂದು ಅವಳು ಹೇಳುತ್ತ ಹೋದಳು. ಕತ್ತಿಗೆ ಹೆದರದ ಕೂಸು, ಬಸವಲಿಂಗನ ಕಿಸೆಯ ಪೆನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತ್ತಂತೆ. ನಡುನಡುವೆ ತಲೆ ತಿರುಗಿಸಿ ಯಾರನ್ನೋ ಹುಡುಕಿ, ಕಾಣದೆ, ಒಂದೇ ಒಂದು ಸಲ ಚೀರಿತಂತೆ. "ಯಾರನ್ನ ಹುಡಕ್ಲಿಕ್ಕತ್ತಿತ್ತು ಅಂತ ನಂಗ ಆವಾಗs ಗೊತ್ತಿತ್ತು. ಅದಕ್ಕs ಸಿಟ್ಟು ಬಂದಿತ್ತು ನಿಮ್ಮ ಮ್ಯಾಲ," ಎಂದಳು. ಅಮರ ಅದನ್ನೂ ಬರೆದ. ಮರಾಠಿಯಲ್ಲಿ ಅದು ಇರಲಿಲ್ಲ. ಅಲ್ಲಿ ಇರಲು ಸಾಧ್ಯವೂ ಇರಲಿಲ್ಲ, ಅವನಿಗೆ ಅದು ಗೊತ್ತಾದದ್ದೇ ಈಗ.

ಅಂದು ಸಂಜೆಯೇ ಕಳಿಸಿದ. ಜೊತೆಗೆ ಫೋಟೊ, ಒಪ್ಪಿಗೆಯ ಸಾಲು. 'ಬೇರೆಲ್ಲಿಗೂ ಕಳಿಸಿಲ್ಲ' ಎಂಬ ಕಡೆ ಮರಾಠಿ ಅಂಕದ ವಿಷಯ ಸೇರಿಸಿದ. ಒತ್ತುವ ಮೊದಲು ಮೂರು ಸಲ ಕಾಗುಣಿತ ನೋಡಿದ.

ಗುರುವಾರ ಮಧ್ಯಾಹ್ನ ಬಂತು, ಹೋಯಿತು. ಹುಬ್ಬಳ್ಳಿಯಿಂದ ಏನೂ ಬರಲಿಲ್ಲ. ತ್ರಿವೇಣಿ ಮಾತ್ರ ಎರಡು ಸಲ ಫೋನು ಮಾಡಿ "ಬಂತೇನ್ರಿ?" ಎಂದು ಕೇಳಿದಳು. ಅಮರ ಅಂಗಡಿಯಲ್ಲಿ, ಅಡಿಗೆಮನೆಯ ಟೈಲ್ಸ್ ಆರಿಸಲು ಬಂದ ಗಂಡಹೆಂಡಿರ ನಡುವೆ ಸಿಕ್ಕಿಕೊಂಡಿದ್ದ. ಆಕೆಗೆ ಹಸಿರು ಬೇಕು, ಆತನಿಗೆ ಬೂದು. ಇಬ್ಬರೂ ಅವನನ್ನೇ ನ್ಯಾಯ ಕೇಳುತ್ತಿದ್ದರು. ಆಗಲೇ ಕಿಸೆ ನಡುಗಿತು.

'ಸಂಪಾದಕರು ಓದಿದರು. ಮೊದಲಿನದೇ ಹೆಚ್ಚು ಅಂದವಾಗಿತ್ತು ಎಂದರು. ಆದರೂ ಇದನ್ನೇ ಹಾಕಿ ಎಂದಿದ್ದಾರೆ. ಪುಟ ಹೋಗುತ್ತಿದೆ, ಕರಡು ಲಗತ್ತಿಸಿದೆ. ಉಮಾವತಿ.'

"ಹಿರವಾ ಘ್ಯಾ! ಛಾನ ದಿಸೇಲ!" ಹಸಿರೇ ತಗೊಳ್ಳಿ, ಚೆಂದ ಕಾಣುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಅಮರ ಗೋದಾಮಿಗೆ ಓಡಿದ. ಗಂಡನ ಮುಖ ಬೂದಿಯಾದದ್ದನ್ನು ನೋಡಲು ಅವನು ಅಲ್ಲಿರಲಿಲ್ಲ.

ಪುಟ ತೆರೆಯಿತು. ಮೇಲೆ ದಪ್ಪ ಅಕ್ಷರದಲ್ಲಿ 'ಜಾವಳ'. ಅದರ ಕೆಳಗೆ ಅವನ ಹೆಸರು, ಕನ್ನಡದಲ್ಲಿ, ಅಚ್ಚಿನ ಅಕ್ಷರದಲ್ಲಿ. ಅದನ್ನು ದೊಡ್ಡದು ಮಾಡಿ ನೋಡಿದ, ಸಣ್ಣದು ಮಾಡಿ ನೋಡಿದ. ಮೂರನೆಯ ಪ್ಯಾರಾದಲ್ಲಿ 'ನಾನು ಅತ್ತೆ' ಎಂಬ ಆ ಸಾಲು ಇತ್ತು, ತಿದ್ದದೆ, ಬರೆದ ಹಾಗೇ. ಅಮರನ ಕಿವಿ ಬಿಸಿಯಾಯಿತು, ಆದರೂ ಮುಖದ ತುಂಬ ನಗು.

ಮೊದಲು ತ್ರಿವೇಣಿಗೆ ಕಳಿಸಿದ. ಅಲ್ಲಿಂದ ಕುಣಿಯುವ ಇಮೋಜಿ ಬೊಂಬೆಗಳ ಮೆರವಣಿಗೆಯೇ ಹೊರಟಿತು. ಆಮೇಲೆ ಇನ್ನೊಂದು ಹೆಸರು ತೆಗೆದ. ಅಂಕ ಇಂಡಿಗೆ ಮುಟ್ಟಲು ಇನ್ನೂ ದಿನಗಳಿವೆ, ಅಲ್ಲಿಯವರೆಗೆ ಸುಮ್ಮನಿರಬಹುದಿತ್ತು. ಹೆಬ್ಬೆರಳು ಫೋನಿನ ಮೇಲೆ ಸ್ವಲ್ಪ ಹೊತ್ತು ತೂಗಾಡಿತು. ಹೊರಗೆ ಲಾರಿಯವನು ಟೈಲ್ಸ್ ಇಳಿಸಲು ಹಾರ್ನ್ ಹೊಡೆಯುತ್ತಿದ್ದ. ಅಮರ ಬಸವಲಿಂಗನ ಹೆಸರನ್ನು ಒತ್ತಿ, ಪುಟವನ್ನು ಕಳಿಸಿಬಿಟ್ಟ.

ಸಂದೇಶದ ಪಕ್ಕದ ಎರಡು ಗೆರೆ ನೀಲಿಯಾದವು. ಓದುತ್ತಿದ್ದಾನೆ. ಬಸವಲಿಂಗ ಓದುವುದು ನಿಧಾನ, ಬೆರಳಿಟ್ಟು ಓದುತ್ತಾನೆ. ಅಮರ ಗೋದಾಮಿನ ಪೆಟ್ಟಿಗೆಯೊಂದರ ಮೇಲೆ ಕೂತ, ಎದ್ದ, ಮತ್ತೆ ಕೂತ. ಲಾರಿಯವನು ಇನ್ನೊಮ್ಮೆ ಹಾರ್ನ್ ಹೊಡೆದ. ಅದರ ಹಿಂದೆಯೇ ಫೋನು ರಿಂಗಣಿಸಿತು, ಬಸವಲಿಂಗನದೇ.

ಅಮರ ಉಸಿರು ಎಳೆದುಕೊಂಡು, ಆ ಕಡೆಯ ದನಿ ಬರುವ ಮೊದಲೇ ಹೇಳಿದ:

"ಹಾಂ, ಅತ್ತೀನಿ. ಭಾಳ ಅತ್ತೀನಿ. ಇನ್ನ ನಗ್ರಿ ನೋಡೋಣು!"